ಅಡುಗೆಮನೆಯ ಕಟ್ಟೆಗೆ ಕಲ್ಲಿನ ಆಯ್ಕೆ: ವರ್ತಕರೂ ಕಿರು ತಯಾರಕರೂ ಗಮನಿಸಬೇಕಾದ ಅಂಶಗಳು

ಹೊಸ ಮನೆಯ ಕಾಮಗಾರಿಯಲ್ಲಿ ಅಡುಗೆಮನೆಯ ಕಟ್ಟೆಗೆ ಕಲ್ಲು ಆರಿಸುವ ಸರದಿ ಬರುವುದು ಬಹುಮಟ್ಟಿಗೆ ಕೊನೆಯಲ್ಲಿ. ಆ ವೇಳೆಗೆ ಮನೆಯವರ ಕೈಯಲ್ಲಿನ ಹಣ ಕರಗಿರುತ್ತದೆ, ಗೃಹಪ್ರವೇಶದ ಮುಹೂರ್ತ ನಿಶ್ಚಯವಾಗಿರುತ್ತದೆ, ಗಾರೆ ಕೆಲಸದವರು ಮುಂದಿನ ಮನೆಗೆ ಹೊರಡುವ ಆತುರದಲ್ಲಿರುತ್ತಾರೆ. ಹೀಗೆ ಅವಸರದಲ್ಲಿ ಕೊಂಡ ಕಲ್ಲು ಮುಂದೆ ಎರಡು ಮೂರು ದಶಕಗಳ ಕಾಲ ದಿನಕ್ಕೆ ಮೂರು ಹೊತ್ತು ಬಳಕೆಯಾಗಬೇಕು. ಗೋಡೆಯ ಬಣ್ಣ ಹಿಡಿಸದಿದ್ದರೆ ಮತ್ತೊಮ್ಮೆ ಬಳಿಯಬಹುದು. ಕಟ್ಟೆಯ ಕಲ್ಲನ್ನು ಕೀಳಹೊರಟರೆ ಕೆಳಗಿನ ಕಪಾಟು, ಗೋಡೆಯ ಟೈಲ್ಸ್, ನಲ್ಲಿಯ ಕೊಳವೆ ಎಲ್ಲವೂ ಅದರೊಂದಿಗೆ ಏಳುತ್ತವೆ. ಆದುದರಿಂದಲೇ ಈ ಒಂದು ಕಲ್ಲಿನ ಬಗೆಗೆ ಏಳುವ ತಕರಾರು ವರ್ತಕನಿಗೆ ಅದರ ಬೆಲೆಗಿಂತ ಹೆಚ್ಚಿನ ನಷ್ಟವನ್ನು ತರುತ್ತದೆ.

ಇಂತಹ ತಕರಾರುಗಳ ಮೂಲವನ್ನು ಹುಡುಕಿದರೆ ಕಲ್ಲಿನ ದೋಷವೇ ಕಾರಣವಾಗಿರುವುದು ಅಪರೂಪ. ಸುಣ್ಣಕಲ್ಲನ್ನು ಗ್ರಾನೈಟ್ ಎಂದು ತಿಳಿದು ಕೊಂಡಿರುತ್ತಾರೆ. ಅಥವಾ ಒಳ್ಳೆಯ ಕಲ್ಲನ್ನೇ ಕೊಂಡು ಕತ್ತರಿಸುವಲ್ಲಿ ಕೆಡಿಸಿರುತ್ತಾರೆ. ಮಾರುವಾತ ಕಲ್ಲಿನ ನಿಜವಾದ ಜಾತಿಯನ್ನು ಹೇಳಿ, ಕತ್ತರಿಸುವಾತ ಅಳತೆಯನ್ನು ಮೊದಲೇ ಯೋಚಿಸಿದರೆ ಸಾಧಾರಣ ಬೆಲೆಯ ಕಲ್ಲೂ ಚೆನ್ನಾಗಿ ಬಾಳುತ್ತದೆ.

ಬಳಕೆಯ ವಿಚಾರಣೆ

ಗಿರಾಕಿ ಅಂಗಡಿಗೆ ಬಂದೊಡನೆ ಕೇಳುವುದು ಬಣ್ಣವನ್ನು ಮತ್ತು ಚದರಡಿಯ ದರವನ್ನು. ಮಾರುವವರು ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಕಟ್ಟೆಯ ಮೇಲಿಡುವ ರೂಢಿಯುಂಟೆ? ರುಬ್ಬುವ ಯಂತ್ರವನ್ನು ಅದರ ಮೇಲೆಯೇ ಇರಿಸುತ್ತಾರೆಯೆ? ಚಪಾತಿಯನ್ನು ಕಲ್ಲಿನ ಮೇಲೆಯೇ ಲಟ್ಟಿಸುತ್ತಾರೆಯೆ? ಮನೆಗೆ ಬರುವುದು ಕೊಳವೆಬಾವಿಯ ಗಡಸು ನೀರೋ, ಮೃದುವಾದ ನೀರೋ? ಕನ್ನಡ ನಾಡಿನ ಅಡುಗೆಯಲ್ಲಿ ಹುಣಸೆಹುಳಿ, ನಿಂಬೆರಸ, ಮೊಸರು, ಅರಿಶಿನ, ಕಾದ ಎಣ್ಣೆ ಇವೆಲ್ಲವೂ ನಿತ್ಯವೂ ಕಟ್ಟೆಯ ಮೇಲೆ ಚೆಲ್ಲುವಂಥವು. ವಿದೇಶಿ ಕಂಪೆನಿಗಳ ಬಣ್ಣದ ಕೈಪಿಡಿಗಳಲ್ಲಿ ಕಾಣುವ ಅಡುಗೆಮನೆಗಳಲ್ಲಿ ಒಗ್ಗರಣೆ ಸಿಡಿಯುವುದಿಲ್ಲವೆಂಬುದನ್ನು ಗಿರಾಕಿಗೆ ವಿನಯದಿಂದ ನೆನಪಿಸಬಹುದು.

ಸುಣ್ಣಕಲ್ಲಿನ ಜಾತಿ

ಆಂಧ್ರದ ಕಡಪ-ಕರ್ನೂಲು ಸೀಮೆಯಿಂದ ಬರುವ ಕಪ್ಪು ಕಡಪ ಕಲ್ಲು, ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಇವೆರಡೂ ಸುಣ್ಣಕಲ್ಲುಗಳು. ಅಮೃತಶಿಲೆಯೂ ರಾಸಾಯನಿಕವಾಗಿ ಇದೇ ಕುಲಕ್ಕೆ ಸೇರಿದ್ದು. ಇವುಗಳ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಗುಲಿದರೆ ಅದು ಕರಗುತ್ತದೆ. ಹೊಳಪು ಕೊಟ್ಟ ಕಡಪ ಕಲ್ಲಿನ ಮೇಲೆ ಕತ್ತರಿಸಿದ ನಿಂಬೆಹೋಳನ್ನು ಕೆಲವು ನಿಮಿಷ ಕವುಚಿಟ್ಟು ತೆಗೆದರೆ ಅದರ ಆಕಾರದಲ್ಲಿಯೇ ಮಂಕಾದ ಕಲೆ ಉಳಿಯುತ್ತದೆ. ಇದು ಒರೆಸಿದರೆ ಹೋಗುವ ಕಲೆಯಲ್ಲ. ಮೇಲ್ಮೈಯೇ ಸವೆದಿರುತ್ತದೆ, ಮತ್ತೆ ಹೊಳಪು ಹಾಕಿಸಬೇಕು.

ಹಾಗೆಂದು ಈ ಕಲ್ಲುಗಳನ್ನು ಹೀಗಳೆಯಬೇಕಾಗಿಲ್ಲ. ಪದರು ಪದರಾಗಿ ಏಳುವ ಗುಣದಿಂದ ಇವು ಅಗ್ಗವಾಗಿ, ಚಪ್ಪಟೆಯಾಗಿ ದೊರೆಯುತ್ತವೆ. ಇಟ್ಟಿಗೆಯ ಆಸರೆ ಗೋಡೆಗಳ ಮೇಲೆ ಮೊದಲು ಕಡಪ ಕಲ್ಲನ್ನು ಹಾಸಿ, ಅದರ ಮೇಲೆ ಗಾರೆಯಲ್ಲಿ ಗ್ರಾನೈಟ್ ಕೂರಿಸುವ ಪದ್ಧತಿ ಬಹುಕಾಲದಿಂದ ಇದೆ. ಅಡಿಹಾಸಿಗೂ ಕೆಳಗಿನ ಅಟ್ಟಗಳಿಗೂ ಇದಕ್ಕಿಂತ ಮಿತವ್ಯಯದ ಕಲ್ಲು ಸಿಗುವುದು ಕಷ್ಟ. ಕಡಿಮೆ ವೆಚ್ಚದ ಮನೆಯಲ್ಲಿ ಮೇಲ್ಮೈಗೂ ಅದನ್ನೇ ಬಳಸಬಹುದು. ಹೊಳಪು ಮಾಸುತ್ತದೆಂದು ಮೊದಲೇ ತಿಳಿಸಿದ್ದರೆ ಸಾಕು. ಅಮೃತಶಿಲೆಯ ವಿಷಯ ಬೇರೆ. ಅಷ್ಟು ಹಣ ತೆತ್ತು ಅರಿಶಿನದ ಕಲೆಯನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಅದು ದೇವರಮನೆಗೆ ಶೋಭಿಸುವ ಕಲ್ಲು.

ಗ್ರಾನೈಟ್: ಹೆಸರೊಂದು, ಕಲ್ಲು ಹಲವು

ಭೂವಿಜ್ಞಾನದ ಪ್ರಕಾರ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಮತ್ತು ಅಭ್ರಕದಂತಹ ಖನಿಜಗಳು ಕೂಡಿದ ಶಿಲೆಗೆ ಗ್ರಾನೈಟ್ ಎಂದು ಹೆಸರು. ವ್ಯಾಪಾರದಲ್ಲಿ ಹೊಳಪು ಹಿಡಿಯುವ ಗಟ್ಟಿ ಕಲ್ಲುಗಳೆಲ್ಲವೂ ಗ್ರಾನೈಟ್ ಎನಿಸಿಕೊಳ್ಳುತ್ತವೆ. ಚಾಮರಾಜನಗರದ ಹೆಸರುವಾಸಿ ಕಪ್ಪು ಗ್ರಾನೈಟ್ ವಾಸ್ತವವಾಗಿ ಡಾಲರೈಟ್ ಎಂಬ ಶಿಲೆ. ಇಳಕಲ್‌ನ ಕೆಂಪು ಕಲ್ಲು, ಕನಕಪುರದ ನಸುಗೆಂಪು ಕಲ್ಲು ಗ್ರಾನೈಟ್ ಕುಲದವು. ಆಂಧ್ರದ ಚೀಮಕುರ್ತಿಯಿಂದ ಬರುವ ‘ಬ್ಲ್ಯಾಕ್ ಗ್ಯಾಲಕ್ಸಿ’ಯಲ್ಲಿ ಮಿನುಗುವ ಚುಕ್ಕೆಗಳು ಬೇರೊಂದು ಖನಿಜದವು. ಅಡುಗೆಮನೆಯ ದೃಷ್ಟಿಯಿಂದ ಇವೆಲ್ಲವೂ ಯೋಗ್ಯವೇ. ಉಕ್ಕಿನ ಚಾಕು ಇವುಗಳ ಮೇಲೆ ಸುಲಭವಾಗಿ ಗೀರು ಮೂಡಿಸಲಾರದು, ಹುಣಸೆಹುಳಿಯಿಂದ ಇವು ಕರಗುವುದಿಲ್ಲ, ಕಾದ ಕಾವಲಿಗೂ ಅಂಜುವುದಿಲ್ಲ.

ಅಂದಮೇಲೆ ಆಯ್ಕೆಯ ತೊಡಕೆಲ್ಲಿ? ಮೊದಲನೆಯದು ಹೀರಿಕೆ. ತಿಳಿಬಣ್ಣದ, ದೊಡ್ಡ ಕಣಗಳ ಕಲ್ಲುಗಳು ಎಣ್ಣೆಯನ್ನು ಹೀರಿ ಮೋಡದಂತಹ ಕಲೆಯನ್ನು ಉಳಿಸಿಕೊಳ್ಳುತ್ತವೆ. ಪರೀಕ್ಷೆ ಸುಲಭ. ಚಪ್ಪಡಿಯ ಹೊಳಪಿಲ್ಲದ ಹಿಂಬದಿಯಲ್ಲಿ ನಾಲ್ಕು ಹನಿ ನೀರು ಬಿಟ್ಟು ಹತ್ತು ಹದಿನೈದು ನಿಮಿಷ ಕಾದು ನೋಡಬೇಕು. ನೀರು ಇಂಗಿ ಕಲ್ಲು ಬೇಗನೆ ಕಪ್ಪಾದರೆ ಅದು ಹೀರುವ ಕಲ್ಲು. ಅಂತಹುದನ್ನು ಮಾರಬಾರದೆಂದೇನಿಲ್ಲ; ರಂಧ್ರ ಮುಚ್ಚುವ ಸೀಲರ್ ಬಳಿಯಬೇಕು, ಕಾಲಕಾಲಕ್ಕೆ ಅದನ್ನು ಮರುಬಳಿಯಬೇಕು ಎಂಬುದನ್ನು ಗಿರಾಕಿಗೆ ತಿಳಿಸಿ ಮಾರಬೇಕು.

ಎರಡನೆಯದು ಬಣ್ಣದ ಮೋಸ. ಬೂದುಗಪ್ಪು ಕಲ್ಲಿಗೆ ಬಣ್ಣ ಅಥವಾ ಎಣ್ಣೆ ತಿಕ್ಕಿ ಅಪ್ಪಟ ಕಪ್ಪೆಂದು ಮಾರುವ ದುಷ್ಟ ಪದ್ಧತಿಯೊಂದು ಈ ವ್ಯಾಪಾರದಲ್ಲಿದೆ. ಬಿಳಿಯ ಬಟ್ಟೆಯ ಮೇಲೆ ಅಸಿಟೋನ್ ಹಾಕಿ, ಅಂದರೆ ಉಗುರುಬಣ್ಣ ತೆಗೆಯುವ ದ್ರವದಿಂದ, ಚಪ್ಪಡಿಯನ್ನು ಬಲವಾಗಿ ಉಜ್ಜಿದರೆ ಹಚ್ಚಿದ ಬಣ್ಣ ಬಟ್ಟೆಗಿಳಿಯುತ್ತದೆ. ನೈಜ ಕಪ್ಪು ಕಲ್ಲಿನಲ್ಲಿ ಬಟ್ಟೆ ಬೆಳ್ಳಗೇ ಉಳಿಯುತ್ತದೆ. ಸಗಟು ವ್ಯಾಪಾರಿಯಿಂದ ಮಾಲು ಇಳಿಸಿಕೊಳ್ಳುವಾಗಲೇ ಚಿಲ್ಲರೆ ವರ್ತಕರು ಈ ಪರೀಕ್ಷೆ ಮಾಡಿಕೊಳ್ಳುವುದು ಲೇಸು. ಆರು ತಿಂಗಳ ನಂತರ ಕಟ್ಟೆ ಬೂದುಬಣ್ಣಕ್ಕೆ ತಿರುಗಿದಾಗ ಗಿರಾಕಿ ಸಗಟು ವ್ಯಾಪಾರಿಯ ಬಳಿಗೆ ಹೋಗುವುದಿಲ್ಲ.

ಚಪ್ಪಡಿಯ ಹಿಂಬದಿಗೆ ಅಂಟಿಸಿದ ಬಲೆಯ ವಿಷಯದಲ್ಲಿ ತಪ್ಪು ಕಲ್ಪನೆಗಳಿವೆ. ಬಿರುಕುಗೆರೆಗಳಿರುವ ಕಲ್ಲಿಗೆ ಎಪಾಕ್ಸಿ ತುಂಬಿ, ಹಿಂದೆ ನಾರುಗಾಜಿನ ಬಲೆ ಅಂಟಿಸುವುದು ಮಾನ್ಯವಾದ ಕ್ರಮವೇ. ಆದರೆ ಬಲೆ ಇದ್ದರೆ ಆ ಕಲ್ಲು ಸ್ವಭಾವತಃ ದುರ್ಬಲವೆಂದು ಕತ್ತರಿಸುವಾತ ಅರಿಯಬೇಕು. ಸಿಂಕಿನ ಕಿಂಡಿ ಕೊರೆಯುವಾಗ ಅದು ಕೈಕೊಡುವ ಸಂಭವ ಹೆಚ್ಚು.

ಕಪ್ಪು ಕಲ್ಲನ್ನು ಕೊಳ್ಳುವವರಿಗೆ ಇನ್ನೊಂದು ಮಾತು. ಕೊಳವೆಬಾವಿಯ ಗಡಸು ನೀರು ಒಣಗಿದಲ್ಲೆಲ್ಲ ಬಿಳಿಯ ಪೊರೆ ಬಿಡುತ್ತದೆ, ಅದು ಎದ್ದು ಕಾಣುವುದು ಕಪ್ಪಿನ ಮೇಲೆಯೇ. ಆ ಪೊರೆಯನ್ನು ತೆಗೆಯಲು ಬಚ್ಚಲು ತೊಳೆಯುವ ಆಸಿಡ್ ಸುರಿದು ಹೊಳಪನ್ನೇ ಕಳೆದುಕೊಂಡವರಿದ್ದಾರೆ. ಸಿಂಕಿನ ಸುತ್ತ ದಿನವೂ ಒಣಬಟ್ಟೆಯಿಂದ ಒರೆಸುವುದೇ ಇದಕ್ಕಿರುವ ಸರಳ ಉಪಾಯ. ಕಂದು ಅಥವಾ ಚುಕ್ಕೆಚುಕ್ಕೆಯ ಕಲ್ಲು ಇಂಥದನ್ನೆಲ್ಲ ಮರೆಸಿಕೊಳ್ಳುತ್ತದೆ.

ಕೃತಕ ಕ್ವಾರ್ಟ್ಜ್ ಮತ್ತು ಇತರೆ

ಕ್ವಾರ್ಟ್ಜ್ ಪುಡಿ ಮತ್ತು ಹರಳುಗಳನ್ನು ಪಾಲಿಯೆಸ್ಟರ್ ರಾಳದೊಂದಿಗೆ ಬೆರೆಸಿ, ನಿರ್ವಾತದಲ್ಲಿ ಅದುಮಿ ಚಪ್ಪಡಿಯಾಗಿಸುವ ವಿಧಾನವು ಇಟಲಿಯ ಬ್ರೆಟನ್ ಸಂಸ್ಥೆಯಿಂದ ಪ್ರಚಾರಕ್ಕೆ ಬಂದಿತು. ಭಾರತದಲ್ಲಿ ತಯಾರಾಗುವ ಈ ಚಪ್ಪಡಿಗಳಿಗೆ ಅಮೆರಿಕ ಪ್ರಮುಖ ಮಾರುಕಟ್ಟೆ. ಚೀನಾದ ಮಾಲಿನ ಮೇಲೆ 2019ರಲ್ಲಿ ಸುರಿಮಾರಾಟ ತಡೆ ಸುಂಕವನ್ನು ವಿಧಿಸಿದ ಅಮೆರಿಕವು 2020ರಲ್ಲಿ ಭಾರತದ ಮಾಲಿಗೂ ಅದನ್ನು ವಿಸ್ತರಿಸಿತು. ದೇಶದೊಳಗೂ ನಗರದ ಗಿರಾಕಿಗಳು ಇದನ್ನು ಕೇಳಿ ಬರುತ್ತಾರೆ. ಮಾದರಿ ತುಂಡಿಗೂ ಮನೆಗೆ ಬರುವ ಚಪ್ಪಡಿಗೂ ಬಣ್ಣದಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ, ಎಣ್ಣೆ ಇಂಗುವುದಿಲ್ಲ, ಸೀಲರ್ ಬೇಡ.

ಇದರ ದೌರ್ಬಲ್ಯ ರಾಳದಲ್ಲಿದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಾಳ ಕಂದುಬಣ್ಣಕ್ಕೆ ತಿರುಗಬಹುದು, ಕೆಲವೊಮ್ಮೆ ಬಿರುಕೂ ಬಿಡಬಹುದು. ಕರಿಯುವ ಎಣ್ಣೆ ಸಾಮಾನ್ಯವಾಗಿ 180 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ದೋಸೆಯ ಹೆಂಚು ಅದಕ್ಕೂ ಹೆಚ್ಚು ಕಾದಿರುತ್ತದೆ. ಬಾಣಲೆಯನ್ನು ಇಳಿಸಿ ಪಕ್ಕಕ್ಕಿಡುವ ಅಭ್ಯಾಸವಿರುವ ಮನೆಗೆ ಈ ಚಪ್ಪಡಿಯನ್ನು ಮಾರುವಾಗ ಒಲೆಯ ಎರಡು ಮಗ್ಗುಲಿಗಾದರೂ ಗ್ರಾನೈಟ್ ಹಾಕಿಸಿಕೊಳ್ಳಿರೆಂದು ಸಲಹೆ ನೀಡುವುದು ಪ್ರಾಮಾಣಿಕತೆ. ಬಿಸಿಲು ಬೀಳುವ ಹಿತ್ತಿಲ ಕಟ್ಟೆಗೂ ಇದು ಸಲ್ಲದು, ಬಣ್ಣ ಹಳದಿಗೆ ತಿರುಗುತ್ತದೆ.

ಅಕ್ರಿಲಿಕ್ ರಾಳದ ಹಲಗೆಗಳಲ್ಲಿ ಬೆಸುಗೆಯ ಗೆರೆ ಕಾಣುವುದಿಲ್ಲ, ಗೀರು ಬಿದ್ದರೆ ಉಜ್ಜಿ ಸರಿಪಡಿಸಬಹುದು. ಆದರೆ ಬಿಸಿಗೆ ಇವು ಕ್ವಾರ್ಟ್ಜ್‌ಗಿಂತಲೂ ಅಳುಕುತ್ತವೆ. ಗುಜರಾತಿನ ಮೋರ್ಬಿಯಿಂದ ಬರುವ ದೊಡ್ಡ ಪೋರ್ಸಲಿನ್ ಚಪ್ಪಡಿಗಳಿಗೆ ಬಿಸಿಯ ಭಯವೂ ಕಲೆಯ ಭಯವೂ ಇಲ್ಲ. ಅಂಚು ಮಾತ್ರ ಸಿಡಿಯುವ ಸ್ವಭಾವದ್ದು, ಕತ್ತರಿಸಲು ಪಳಗಿದ ಕೈ ಬೇಕು. ಸ್ಟೇನ್‌ಲೆಸ್ ಸ್ಟೀಲ್ ಹೋಟೆಲಿನವರ ಆಯ್ಕೆ. ಮನೆಗಳಲ್ಲಿ ಅದರ ಸದ್ದನ್ನು ಸಹಿಸುವವರು ಕಡಿಮೆ.

ಮೂಲೆಯ ಲೆಕ್ಕ

ಕಲ್ಲು ಆರಿಸಿದ ಮೇಲೆ ಹಣ ಉಳಿಯುವುದೂ ಹೋಗುವುದೂ ಅಳತೆಯಲ್ಲಿ. ಒಂದು ಉದಾಹರಣೆಯನ್ನು ನೋಡಬಹುದು. ಒಂದು ಗೋಡೆಗೆ 10 ಅಡಿ, ಅದಕ್ಕೆ ಕೂಡಿದ ಗೋಡೆಗೆ 7 ಅಡಿ, ಅಗಲ 2 ಅಡಿ ಇರುವ ಮೂಲೆಕಟ್ಟೆ. ಅಂಗಡಿಗೆ ಬಂದ ಚಪ್ಪಡಿಯ ಉದ್ದ 9 ಅಡಿ, ಅಗಲ 6 ಅಡಿ. ಉದ್ದ ಗೋಡೆಯ 10 ಅಡಿಯನ್ನು ಒಂದೇ ತುಂಡಾಗಿ ಕೊಡಬೇಕೆಂದರೆ ಈ ಚಪ್ಪಡಿ ಸಾಲದು. ಆಗ 9 ಅಡಿಯ ತುಂಡಿಗೆ 1 ಅಡಿಯ ಬಾಲವನ್ನು ಜೋಡಿಸುತ್ತಾರೆ, ಇಲ್ಲವೇ ಇನ್ನೂ ಉದ್ದದ, ದುಬಾರಿ ಚಪ್ಪಡಿಯನ್ನು ತರಿಸುತ್ತಾರೆ. ಎರಡೂ ಅನಾವಶ್ಯಕ. ಮೂಲೆಯ 2 ಅಡಿ ಚೌಕವನ್ನು ಗಿಡ್ಡ ಬದಿಯ ತುಂಡಿಗೆ ಬಿಟ್ಟುಕೊಟ್ಟರೆ ಅದು ಪೂರ್ತಿ 7 ಅಡಿಯಾಗುತ್ತದೆ, ಉದ್ದ ಬದಿಗೆ ಬೇಕಾದದ್ದು 8 ಅಡಿ ಮಾತ್ರ. ಎರಡೂ 9 ಅಡಿಯ ಚಪ್ಪಡಿಯಲ್ಲಿ ಸಲೀಸಾಗಿ ಹೊರಡುತ್ತವೆ, ಬೆಸುಗೆ ಒಂದೇ, ಅದೂ ಮೂಲೆಯಲ್ಲಿ. ಕಟ್ಟೆಯ ವಿಸ್ತೀರ್ಣ 16 ಮತ್ತು 14 ಸೇರಿ 30 ಚದರಡಿ. ಅಲಗಿನ ದಪ್ಪ ಕಳೆದು ಉಳಿಯುವ 2 ಅಡಿಗೆ ತುಸು ಕಡಿಮೆ ಅಗಲದ ಪಟ್ಟಿಯಲ್ಲಿ ಗೋಡೆಗೆ ತಾಗಿಸುವ 4 ಅಂಗುಲದ ಪಟ್ಟಿಗಳೂ ಒಂದು ಕಿಟಕಿಯ ಹಾಸೂ ಆಗುತ್ತವೆ. ಗಿರಾಕಿ 54 ಚದರಡಿಗೆ ಹಣ ತೆತ್ತಿರುವುದರಿಂದ ಈ ಉಳಿಕೆ ಅವನದೇ ಸ್ವತ್ತು.

ಅಂಚಿನ ಹೊಳಪಿಗೆ ದರ ಅಡಿ ಲೆಕ್ಕದಲ್ಲಿರುತ್ತದೆ. ಇದೇ ಕಟ್ಟೆಯ ಎರಡು ತುದಿಗಳೂ ಗೋಡೆಗೆ ತಾಗಿದ್ದರೆ ಹೊಳಪು ಬೇಕಾದ ಮುಂದಂಚು 8 ಮತ್ತು 5 ಸೇರಿ 13 ಅಡಿ. 17 ಅಡಿಗೆ ಬಿಲ್ಲು ಬರೆದರೆ ಗಿರಾಕಿ ಟೇಪು ಹಿಡಿದು ಕೇಳುವ ಕಾಲವಿದು.

ಎತ್ತರದ ಅಳತೆಯಲ್ಲಿ ಆಗುವ ತಪ್ಪು ಇನ್ನೂ ಸಾಮಾನ್ಯ. ನೆಲಕ್ಕೆ ಟೈಲ್ಸ್ ಹಾಸುವ ಮೊದಲೇ ಕಟ್ಟೆಯ ಎತ್ತರವನ್ನು ಗುರುತಿಸಿದರೆ, ಗಾರೆಯೂ ಟೈಲ್ಸೂ ಸೇರಿ ನೆಲ ಸುಮಾರು 2 ಅಂಗುಲ ಏರುತ್ತದೆ, 33 ಅಂಗುಲದ ಕಟ್ಟೆ 31ಕ್ಕೆ ಇಳಿಯುತ್ತದೆ. ಅಡುಗೆ ಮಾಡುವವರ ಬೆನ್ನು ಅದನ್ನು ವರ್ಷಗಟ್ಟಲೆ ಭರಿಸುತ್ತದೆ. ಮಾಡ್ಯುಲರ್ ಕಪಾಟು ಹಾಕಿಸುವವರಾದರೆ ಕಪಾಟಿನ ತಯಾರಕರ ನಕ್ಷೆ ಬಂದ ಮೇಲೆಯೇ ಕಲ್ಲು ಕತ್ತರಿಸತಕ್ಕದ್ದು. ಮೊದಲು ಕಲ್ಲು ಕೂರಿಸಿ ನಂತರ ಬಡಗಿಯನ್ನು ಕರೆದಲ್ಲಿ ಸಿಂಕಿನ ಕಿಂಡಿ ಕಪಾಟಿನ ಅಡ್ಡಹಲಗೆಯ ಮೇಲೆಯೇ ಬಂದು ಕೂರುವುದುಂಟು.

ಒಲೆಯ ಮತ್ತು ಸಿಂಕಿನ ಕಿಂಡಿಗಳೇ ಕಟ್ಟೆಯ ನಿಜವಾದ ಪರೀಕ್ಷಾಸ್ಥಳ. ಕಲ್ಲು ಭಾರವನ್ನು ಹೊರಬಲ್ಲದು, ಬಾಗುವಿಕೆಯನ್ನು ತಾಳಲಾರದು. ಕಿಂಡಿಯ ಮುಂದೆ ಹಿಂದೆ ಉಳಿಯುವ 2-3 ಅಂಗುಲದ ಪಟ್ಟಿಗಳೇ ಮೊದಲು ಮುರಿಯುವುದು. ಮೂಲೆಯಲ್ಲಿ ಎರಡು ಗೆರೆಗಳು ಒಂದನ್ನೊಂದು ದಾಟುವಂತೆ ಅಲಗು ಹಾಯಿಸಿದರೆ ಆ ದಾಟಿದ ಗೀರಿನಿಂದಲೇ ಮುಂದೆ ಬಿರುಕು ಹೊರಡುತ್ತದೆ. ಮೊದಲು ನಾಲ್ಕು ಮೂಲೆಗಳಲ್ಲಿ ದುಂಡಾದ ರಂಧ್ರ ಕೊರೆದು, ಅವುಗಳನ್ನು ನೇರ ಗೆರೆಯಿಂದ ಕೂಡಿಸುವುದು ಸರಿಯಾದ ಕ್ರಮ. ಕಿಂಡಿ ಕೊರೆದ ಕಲ್ಲನ್ನು ಅಂಗಾತ ಹೊರದೆ ನಿಲ್ಲಿಸಿಯೇ ಸಾಗಿಸಬೇಕು. ಮುಂದಂಚಿನ ತಳದಲ್ಲಿ, ಅಂಚಿನಿಂದ ಅರ್ಧ ಅಂಗುಲ ಒಳಗೆ, ಅಲಗಿನಿಂದ ಒಂದು ಆಳವಿಲ್ಲದ ಗೀರುಗಾಲುವೆ ಎಳೆದರೆ ಚೆಲ್ಲಿದ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಹಿಂದಕ್ಕೆ ಹರಿದು ಕಪಾಟಿನ ಪ್ಲೈವುಡ್ಡನ್ನು ಉಬ್ಬಿಸುವುದಿಲ್ಲ. ಕೆಲವೇ ನಿಮಿಷಗಳ ಈ ಕೆಲಸವನ್ನು ಕೇಳದೆಯೇ ಮಾಡಿಕೊಡುವ ಘಟಕಗಳು ಬೆರಳೆಣಿಕೆಯಷ್ಟು.

ಕತ್ತರಿಸುವವರ ಶ್ವಾಸಕೋಶ

ಗಿರಾಕಿಯ ಕಣ್ಣಿಗೆ ಬೀಳದ ವೆಚ್ಚವೊಂದು ಈ ಉದ್ಯಮದಲ್ಲಿದೆ. ಕೃತಕ ಕ್ವಾರ್ಟ್ಜ್ ಚಪ್ಪಡಿಯಲ್ಲಿ ಸಿಲಿಕಾ ಅಂಶ ಶೇಕಡಾ 90ನ್ನೂ ಮೀರಿರಬಹುದು. ಗ್ರಾನೈಟ್‌ನಲ್ಲಿಯೂ ಗಣನೀಯ ಪ್ರಮಾಣದಲ್ಲಿದೆ. ಒಣ ಅಲಗಿನಿಂದ ಕತ್ತರಿಸುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ನುಣ್ಣನೆಯ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ಉಳಿಯುತ್ತವೆ. ಇದರಿಂದ ಬರುವ ಸಿಲಿಕೋಸಿಸ್ ರೋಗವನ್ನು ಗುಣಪಡಿಸುವ ಔಷಧವಿಲ್ಲ; ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯಬಲ್ಲದು, ಕ್ಷಯಕ್ಕೂ ದಾರಿ ಮಾಡಿಕೊಡುತ್ತದೆ. ಯುವ ಕಾರ್ಮಿಕರಲ್ಲಿಯೂ ಈ ರೋಗ ಕಂಡುಬಂದ ಕಾರಣ ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಕೃತಕ ಕ್ವಾರ್ಟ್ಜ್ ಚಪ್ಪಡಿಗಳ ತಯಾರಿಕೆ, ಪೂರೈಕೆ ಮತ್ತು ಅಳವಡಿಕೆಯನ್ನೇ ನಿಷೇಧಿಸಿತು. ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯೇ ಸಿಲಿಕೋಸಿಸ್ಸನ್ನು ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು.

ಜಿಗಣಿಯಂತಹ ಕೇಂದ್ರಗಳ ದೊಡ್ಡ ಘಟಕಗಳಲ್ಲಿ ಗರಗಸಗಳು ನೀರಿನೊಂದಿಗೆ ಓಡುತ್ತವೆ. ಅಲ್ಲಿ ಧೂಳು ಕೆಸರಾಗಿ ಇಳಿಯುತ್ತದೆ. ಅಪಾಯ ಹೆಚ್ಚಿರುವುದು ಹೊಸ ಮನೆಯೊಳಗೆ. ಕಿಟಕಿಗಳಿಗೆ ಇನ್ನೂ ಬಣ್ಣ ಹಚ್ಚುತ್ತಿರುವಾಗ ಬಾಗಿಲು ಮುಚ್ಚಿಕೊಂಡು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಕೈಯಂತ್ರದಿಂದ ಸಿಂಕಿನ ಕಿಂಡಿ ಕೊರೆಯುವ ಹುಡುಗನೇ ಹೆಚ್ಚಿನ ಧೂಳು ಕುಡಿಯುವವನು. ಕರವಸ್ತ್ರ ಆ ನುಣ್ಣನೆಯ ಕಣವನ್ನು ತಡೆಯುವುದಿಲ್ಲ. ಸಿಂಕು ಮತ್ತು ಒಲೆಯ ಅಳತೆಯನ್ನು ಮೊದಲೇ ತರಿಸಿಕೊಂಡು ಕಿಂಡಿಗಳನ್ನು ಘಟಕದಲ್ಲಿಯೇ ನೀರಿನಡಿ ಕೊರೆದರೆ ಮನೆಯಲ್ಲಿ ಉಳಿಯುವುದು ಕೂರಿಸುವ ಕೆಲಸ ಮಾತ್ರ. ತೀರ ಅನಿವಾರ್ಯವಾದಲ್ಲಿ ನೀರು ಹಾಯಿಸುವ ಯಂತ್ರವನ್ನೂ ಸರಿಯಾಗಿ ಮುಖಕ್ಕೆ ಹೊಂದುವ ಎನ್-95 ಮಟ್ಟದ ಮುಖಗವಸನ್ನೂ ಒದಗಿಸುವುದು ಮಾಲೀಕರ ಹೊಣೆ. ದಿನದ ಕೊನೆಯಲ್ಲಿ ಗಾಳಿಯ ಪೈಪಿನಿಂದ ಬಟ್ಟೆಯ ಧೂಳು ಹಾರಿಸುವ ಅಭ್ಯಾಸವನ್ನು ಇಂದೇ ನಿಲ್ಲಿಸಬೇಕು. ನೆಲದ ಕೆಸರನ್ನು ಒಣಗಲು ಬಿಟ್ಟು ಗುಡಿಸಿದರೆ ನೀರಿನಲ್ಲಿ ಹಿಡಿದಿಟ್ಟ ಧೂಳು ಮತ್ತೆ ಗಾಳಿಗೇ ಸೇರುತ್ತದೆ.

ಬಿಲ್ಲು ಮತ್ತು ಉಳಿಕೆ

ಹೊಳಪು ಕೊಟ್ಟ ಗ್ರಾನೈಟ್ ಚಪ್ಪಡಿಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2017ರ ನವೆಂಬರ್‌ನಲ್ಲಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಗಣಿಯಿಂದ ಬರುವ ದಿಮ್ಮಿಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರ ಬದಲು 5 ಆಗಿದೆ. ಚಪ್ಪಡಿಯ ದರ ಕೇಳುವ ಗಿರಾಕಿಗೆ ಈ ಎರಡರ ವ್ಯತ್ಯಾಸವನ್ನು ವಿವರಿಸಬೇಕಾದ ಪ್ರಸಂಗ ಬರುತ್ತದೆ. ಬಿಲ್ಲಿನಲ್ಲಿ ಬರಿಯ ‘ಕಲ್ಲು’ ಎಂದು ಬರೆಯದೆ ಕಲ್ಲಿನ ಜಾತಿ, ದಪ್ಪ, ಚಪ್ಪಡಿಯ ಅಳತೆ, ಸೀಲರ್ ಬಳಿದಿದೆಯೇ ಇಲ್ಲವೇ ಎಂಬುದನ್ನು ನಮೂದಿಸುವುದರಿಂದ ಇಬ್ಬರಿಗೂ ರಕ್ಷಣೆ. 18 ಮಿಲಿಮೀಟರ್ ಎಂದು ಮಾತಾಡಿ 16ನ್ನು ಕಳುಹಿಸಿದರೆ ಬೆಸುಗೆಯ ಬಳಿ ಬೆರಳಾಡಿಸಿದವರಿಗೆ ಅದು ತಿಳಿದೇ ತಿಳಿಯುತ್ತದೆ.

ನೈಸರ್ಗಿಕ ಕಲ್ಲಾದರೆ ಮಾದರಿ ತುಂಡನ್ನು ತೋರಿಸಿ ಮಾರುವ ಬದಲು ಕೊಡುವ ಚಪ್ಪಡಿಯನ್ನೇ ತೋರಿಸಿ, ಹಿಂಬದಿಯಲ್ಲಿ ಗಿರಾಕಿಯ ಹೆಸರನ್ನು ಬರೆದಿಡುವುದು ಒಳ್ಳೆಯ ರೂಢಿ. ಒಂದೇ ಗಣಿಯ ಎರಡು ದಿಮ್ಮಿಗಳು ಬಣ್ಣದಲ್ಲಿ ಒಂದಾಗಿರುವುದಿಲ್ಲ. ಕೆಲಸ ಮುಗಿದ ಮೇಲೆ ಅದೇ ಚಪ್ಪಡಿಯ ಒಂದಡಿಯ ತುಂಡನ್ನಾದರೂ ಮನೆಯವರ ಅಟ್ಟದ ಮೇಲೆ ಇರಿಸಿ ಬರಬೇಕು. ಹತ್ತು ವರ್ಷದ ನಂತರ ಸಿಂಕಿನ ಮುಂದಿನ ಪಟ್ಟಿ ಮುರಿದಾಗ ಆ ಗಣಿಯಲ್ಲಿ ಆ ಬಣ್ಣ ಮುಗಿದಿರುತ್ತದೆ. ಹೊಂದುವ ಕಲ್ಲು ಸಿಗುವುದು ಆ ಅಟ್ಟದ ಮೇಲೆ ಮಾತ್ರ.